ಅಪಾಯದ ಸರಕಿನ ಲಾರಿ ಮಗುಚಿದಾಗ

ರಸ್ತೆಯಲ್ಲಿ ಲಾರಿ ಮಗುಚಿದೆ ಎಂದು ತಿಳಿದ ಕೂಡಲೇ ನಮ್ಮ ಜನ ಮಾಡುವ ಮೊದಲ ಕೆಲಸ ಯಾವುದು? ಅತ್ತ ಓಡುವುದು. ಕೆಲವರು ಸಹಾಯಕ್ಕೆ, ಕೆಲವರು ನೋಡಲಿಕ್ಕೆ, ಇನ್ನು ಕೆಲವರು ಚೆಲ್ಲಿದ ಸರಕಿನಲ್ಲಿ ಕೈಗೆ ಸಿಕ್ಕಿದ್ದನ್ನು ತರಲಿಕ್ಕೆ. ಲಾರಿಯಲ್ಲಿ ಟೊಮೆಟೊ ಇದ್ದರೆ ಇದರಿಂದ ದೊಡ್ಡ ಹಾನಿಯೇನಿಲ್ಲ. ಆದರೆ ಅದರಲ್ಲಿ ಅಡುಗೆ ಅನಿಲವೋ, ಆಮ್ಲವೋ, ಕಲ್ಲುಕ್ವಾರಿಯ ಸಿಡಿಮದ್ದೋ ಇದ್ದರೆ, ಅತ್ತ ಓಡಿದ ಆ ನೂರು ಹೆಜ್ಜೆಯೇ ಜೀವಕ್ಕೆ ಎರವಾಗುತ್ತದೆ.

"ಆರೋಗ್ಯದ ಅಂಕಣದಲ್ಲಿ ಲಾರಿಯ ಮಾತೇಕೆ?" ಎಂದು ನೀವು ಕೇಳಬಹುದು. ಹೃದಯಾಘಾತ, ಹಾವು ಕಡಿತಗಳ ಹಾಗೆ ಇಲ್ಲಿಯೂ ವೈದ್ಯನ ಕೈಗೆ ಬರುವ ಮುಂಚಿನ ಹತ್ತು ನಿಮಿಷಗಳೇ ರೋಗಿಯ ಹಣೆಬರಹವನ್ನು ಬರೆಯುತ್ತವೆ. ಆ ಹತ್ತು ನಿಮಿಷ ಪೊಲೀಸರ ಕೈಯಲ್ಲಿಲ್ಲ, ಅಗ್ನಿಶಾಮಕ ದಳದ ಕೈಯಲ್ಲಿಲ್ಲ, ನನ್ನ ಕೈಯಲ್ಲಂತೂ ಇಲ್ಲ. ಅದು ರಸ್ತೆಯಲ್ಲಿರುವ ನಿಮ್ಮ ಕೈಯಲ್ಲಿದೆ.

ನನಗೆ ಪಾಠ ಕಲಿಸಿದ ಒಂದು ಸಂಜೆ

ನನ್ನ ಚಿಕಿತ್ಸಾಲಯ ಇರುವುದು ಹೆದ್ದಾರಿಯ ಪಕ್ಕದ ಒಂದು ಊರಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಊರಾಚೆಯ ತಿರುವಿನಲ್ಲಿ ಟ್ಯಾಂಕರೊಂದು ಮರಕ್ಕೆ ಗುದ್ದಿತು. ಹತ್ತಿರದಲ್ಲೇ ಇದ್ದ ಇಬ್ಬರು ಹುಡುಗರು ಚಾಲಕನನ್ನು ಹೊರಗೆಳೆಯಲು ಓಡಿದರು. ಒಳ್ಳೆಯ ಹುಡುಗರು, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಟ್ಯಾಂಕಿನಿಂದ ಸೋರುತ್ತಿದ್ದುದನ್ನು ಅವರು ನೀರೆಂದುಕೊಂಡರು.

ಅವರಲ್ಲಿ ಒಬ್ಬ ಕಾಲು ಉರಿಯುತ್ತಿದ್ದಂತೆ ಪಕ್ಕದ ತೋಟದ ಪಂಪ್‌ಸೆಟ್ಟಿನ ತೊಟ್ಟಿಗೆ ಓಡಿ, ಪ್ಯಾಂಟು ಕಳಚಿ ಎಸೆದು, ಬೀಳುವ ನೀರಿಗೆ ಕಾಲೊಡ್ಡಿ ನಿಂತುಬಿಟ್ಟ. ಇನ್ನೊಬ್ಬನನ್ನು ಗೆಳೆಯರು ಅದೇ ಒದ್ದೆ ಪ್ಯಾಂಟಿನಲ್ಲಿ ಬೈಕಿನ ಮೇಲೆ ಕೂರಿಸಿಕೊಂಡು ನನ್ನ ಹತ್ತಿರ ಧಾವಿಸಿ ಬಂದರು. ದಾರಿಯಲ್ಲಿ ಯಾರೋ ಕೊಬ್ಬರಿ ಎಣ್ಣೆಯನ್ನೂ ಸುರಿದಿದ್ದರು.

"ಏನಪ್ಪಾ ಬಿತ್ತು ಮೈಮೇಲೆ?" ಎಂದು ಕೇಳಿದೆ.

"ಗೊತ್ತಿಲ್ಲ ಸಾರ್, ಟ್ಯಾಂಕರಿನ ನೀರು" ಎಂದರು.

ಅವನನ್ನು ಒಳಗೆ ಕರೆದು ಬೆಂಚಿನ ಮೇಲೆ ಮಲಗಿಸಿದ್ದು ನನ್ನ ಮೊದಲ ತಪ್ಪು. ಅವನ ಬಟ್ಟೆ ಮುಟ್ಟಿದ ನರ್ಸಮ್ಮನ ಬೆರಳುಗಳೂ ಸುಟ್ಟವು. ಆಗ ಎಚ್ಚೆತ್ತು ಅವನನ್ನು ಹಿತ್ತಲಿನ ನಲ್ಲಿಯ ಕೆಳಗೆ ಕೂರಿಸಿ ನೀರು ಬಿಟ್ಟೆವು. ಅಷ್ಟರಲ್ಲಿ ನಮ್ಮೂರಿನ ಶಾಲಾ ಮೇಷ್ಟ್ರೊಬ್ಬರು ಒಂದು ಚೀಟಿ ಹಿಡಿದು ಬಂದರು. ದೂರದಲ್ಲೇ ನಿಂತು ಟ್ಯಾಂಕರಿನ ಹಿಂದಿನ ಫಲಕದಲ್ಲಿದ್ದುದನ್ನು ಬರೆದುಕೊಂಡಿದ್ದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 1830.

ಅಂಥ ಟ್ಯಾಂಕರುಗಳ ಹಿಂದೆ ವರ್ಷಗಟ್ಟಲೆ ಸ್ಕೂಟರ್ ಓಡಿಸಿದವನು ನಾನು. ಆ ಅಂಕಿಗಳ ಅರ್ಥವೇನೆಂದು ಅಂದಿಗೂ ನನಗೆ ಗೊತ್ತಿರಲಿಲ್ಲ. ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಾಗ ಅವರು ಒಂದೇ ಉಸಿರಿಗೆ "ಸಲ್ಫ್ಯೂರಿಕ್ ಆಮ್ಲ ಡಾಕ್ಟ್ರೇ" ಎಂದರು. ಅಂದರೆ ಗಂಧಕಾಮ್ಲ.

ಪಂಪ್‌ಸೆಟ್ಟಿನ ಹುಡುಗನ ಗಾಯ ಎರಡು ಮೂರು ವಾರದಲ್ಲಿ ವಾಸಿಯಾಯಿತು. ಬೈಕಿನಲ್ಲಿ ಬಂದವನು ಜಿಲ್ಲಾ ಆಸ್ಪತ್ರೆ ಸೇರಿ, ಚರ್ಮ ಕಸಿ ಮಾಡಿಸಿಕೊಂಡು ಮನೆಗೆ ಮರಳಲು ತಿಂಗಳುಗಳೇ ಹಿಡಿದವು. ಇಬ್ಬರ ಮೇಲೆ ಬಿದ್ದದ್ದು ಒಂದೇ ಆಮ್ಲ. ವ್ಯತ್ಯಾಸ ಮಾಡಿದ್ದು ಇಪ್ಪತ್ತು ನಿಮಿಷದ ನೀರು.

ನಮ್ಮ ರಸ್ತೆಗಳಲ್ಲಿ ಓಡುವುದೇನು?

ಅಪಾಯದ ಸರಕು ಎಂದರೆ ಎಲ್ಲೋ ಕಾರ್ಖಾನೆಗಳ ನಡುವೆ ಓಡಾಡುವ ವಸ್ತು ಎಂದು ಭಾವಿಸಬೇಡಿ. ನಿಮ್ಮ ಅಡುಗೆಮನೆಯ ಗ್ಯಾಸು, ಸ್ಕೂಟರಿನ ಪೆಟ್ರೋಲು, ಕುಡಿಯುವ ನೀರನ್ನು ಶುದ್ಧ ಮಾಡುವ ಕ್ಲೋರಿನ್, ಐಸ್ ಕಾರ್ಖಾನೆಯ ಅಮೋನಿಯಾ, ಮನೆ ಕಟ್ಟುವ ಜಲ್ಲಿಗಾಗಿ ಬಂಡೆ ಒಡೆಯುವ ಸಿಡಿಮದ್ದು, ಇವೆಲ್ಲವೂ ಲಾರಿಯಲ್ಲೇ ಬರಬೇಕು. ಇವುಗಳಿಲ್ಲದೆ ನಮ್ಮ ಬದುಕು ನಡೆಯದು.

ಇವು ಅಪಾಯಕ್ಕೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2012ರ ಆಗಸ್ಟ್ 27ರ ರಾತ್ರಿ, ಓಣಂ ಹಬ್ಬದ ಹೊಸ್ತಿಲಲ್ಲಿ, ಮಂಗಳೂರಿನಿಂದ ಹೊರಟಿದ್ದ ಅಡುಗೆ ಅನಿಲದ ಟ್ಯಾಂಕರು ಕೇರಳದ ಕಣ್ಣೂರಿನ ಬಳಿಯ ಚಾಲಾದಲ್ಲಿ ಮಗುಚಿ ಬೆಂಕಿ ಹತ್ತಿತು. ಹತ್ತಿರದ ಮನೆಗಳಲ್ಲಿದ್ದವರು ಸೇರಿ ಸುಮಾರು 20 ಜನ ಸತ್ತರು. ಮರುವರ್ಷ, 2013ರ ಏಪ್ರಿಲ್‌ನಲ್ಲಿ, ನಮ್ಮ ದಕ್ಷಿಣ ಕನ್ನಡದ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಇಂಥದೇ ದುರಂತ ನಡೆದು ಹಲವರು ಬೆಂದುಹೋದರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಜಿಲೆಟಿನ್ ತುಂಬಿದ್ದ ಲಾರಿ ಸಿಡಿದಾಗ ನೆರೆಯ ಜಿಲ್ಲೆಗಳವರೆಗೂ ನೆಲ ನಡುಗಿ, ಜನ ಭೂಕಂಪವೆಂದು ಮನೆಯಿಂದ ಹೊರಗೋಡಿ ಬಂದರು. ಒಂದು ತಿಂಗಳು ಕಳೆದು, ಫೆಬ್ರವರಿ 23ರ ನಸುಕಿನಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. 2024ರ ಡಿಸೆಂಬರ್ 20ರಂದು ಜೈಪುರದ ಹೆದ್ದಾರಿಯಲ್ಲಿ ಅನಿಲದ ಟ್ಯಾಂಕರಿಗೆ ಲಾರಿ ಗುದ್ದಿ, ಸುತ್ತಲಿನ ಬಸ್ಸು, ಲಾರಿ, ಕಾರುಗಳೆಲ್ಲ ಹೊತ್ತಿ ಉರಿದವು.

ಕಾನೂನಿನಲ್ಲಿ ಯೋಜನೆ ಇದೆ

ಇದಕ್ಕೆಲ್ಲ ಮುನ್ನೆಚ್ಚರಿಕೆಯ ಯೋಜನೆಯೇ ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯದ ಸರಕು ಸಾಗಿಸುವ ಚಾಲಕ ವಿಶೇಷ ತರಬೇತಿ ಪಡೆದಿರಬೇಕು. ಸರಕು ಯಾವುದು, ಸೋರಿದರೆ ಏನು ಮಾಡಬೇಕು, ಮೈಮೇಲೆ ಬಿದ್ದರೆ ಯಾವ ಚಿಕಿತ್ಸೆ ಎಂಬ ವಿವರಗಳ ಒಂದು ಕಾರ್ಡು ಅವನ ಬಳಿ ಇರಬೇಕು. ವಾಹನದ ಎರಡು ಪಕ್ಕದಲ್ಲೂ ಹಿಂಬದಿಯಲ್ಲೂ ತುರ್ತು ಮಾಹಿತಿ ಫಲಕ ಇರಬೇಕು. ಸ್ಫೋಟಕಗಳ ಸಾಗಣೆಗೆ ಪ್ರತ್ಯೇಕ ಕಾಯಿದೆಯಿದೆ. ನಾಗಪುರದಲ್ಲಿ ಮುಖ್ಯ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಅದರ ಪರವಾನಗಿಗಳನ್ನು ನೋಡಿಕೊಳ್ಳುತ್ತದೆ.

1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು. ಪೊಲೀಸ್, ಅಗ್ನಿಶಾಮಕ, ಆರೋಗ್ಯ ಮುಂತಾದ ಇಲಾಖೆಗಳವರು ಅದರಲ್ಲಿ ಇರುತ್ತಾರೆ. ವರ್ಷಕ್ಕೊಮ್ಮೆಯಾದರೂ ಅಣಕು ಕಾರ್ಯಾಚರಣೆ ನಡೆಸಬೇಕು.

ಇಷ್ಟೆಲ್ಲ ಇದ್ದರೂ ಈ ಸರಪಳಿಯ ಮೊದಲ ಕೊಂಡಿ ಸ್ಥಳದಲ್ಲಿರುವ ಸಾಮಾನ್ಯ ಮನುಷ್ಯ. ಏನು ನಡೆದಿದೆ, ಎಲ್ಲಿ ನಡೆದಿದೆ, ಯಾವ ಸರಕು ಎಂದು ಅವನು ತಿಳಿಸಿದರೆ ಮಾತ್ರ ಉಳಿದ ಕೊಂಡಿಗಳು ಅಲುಗಾಡುತ್ತವೆ. ಅವನೇ ಗಾಯಾಳುವಾಗಿ ಬಿದ್ದರೆ ತಿಳಿಸುವವರು ಯಾರು?

ಫಲಕವನ್ನು ಓದುವುದು ಹೇಗೆ?

ಕೇರಂ ಬೋರ್ಡನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿದರೆ ಹೇಗೆ ಕಾಣುತ್ತದೋ ಆ ಆಕಾರದ ಚಿತ್ರವನ್ನು ಮೊದಲು ನೋಡಿ. ಕಿತ್ತಳೆ ಬಣ್ಣದಲ್ಲಿ ಸಿಡಿಯುತ್ತಿರುವ ಗುಂಡಿನ ಚಿತ್ರವಿದ್ದರೆ ಸ್ಫೋಟಕ. ಕೆಂಪು ಬಣ್ಣದಲ್ಲಿ ಜ್ವಾಲೆಯಿದ್ದರೆ ಬೇಗ ಹೊತ್ತಿಕೊಳ್ಳುವ ಅನಿಲ ಅಥವಾ ದ್ರವ. ತಲೆಬುರುಡೆ ಮತ್ತು ಮೂಳೆಗಳಿದ್ದರೆ ವಿಷ. ಕೈಯ ಮೇಲೂ ಲೋಹದ ಮೇಲೂ ಹನಿ ಬಿದ್ದು ಕೊರೆಯುತ್ತಿರುವ ಚಿತ್ರವಿದ್ದರೆ ಆಮ್ಲ ಅಥವಾ ಕ್ಷಾರ. ಓದು ಬಾರದವರಿಗೂ ಅರ್ಥವಾಗಲೆಂದೇ ಈ ಚಿತ್ರಗಳನ್ನು ರೂಪಿಸಿದ್ದಾರೆ.

ಆಮೇಲೆ ನಾಲ್ಕು ಅಂಕಿಯ ಸಂಖ್ಯೆ. ಇದು ವಿಶ್ವಸಂಸ್ಥೆಯ ಪಟ್ಟಿಯ ಸಂಖ್ಯೆ. ಭಾಷೆ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಸಂಖ್ಯೆ ಮಾತ್ರ ಒಂದೇ. 1075 ಎಂದರೆ ಅಡುಗೆ ಅನಿಲ. 1203 ಪೆಟ್ರೋಲು, 1202 ಡೀಸೆಲ್, 1017 ಕ್ಲೋರಿನ್, 1005 ಅಮೋನಿಯಾ, 1830 ಗಂಧಕಾಮ್ಲ. ಇವನ್ನು ಬಾಯಿಪಾಠ ಮಾಡಬೇಕಿಲ್ಲ. ಅಂಕಿಗಳನ್ನು ಹೇಳಿದರೆ ಸಾಕು, ಅರ್ಥ ಹುಡುಕುವವರು ಇದ್ದಾರೆ. ದೂರದಿಂದ ಕಾಣದಿದ್ದರೆ ಅದನ್ನು ಓದಲೆಂದು ಹತ್ತಿರ ಹೋಗಕೂಡದು. ಸುರಕ್ಷಿತ ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬಹುದು.

ಎಷ್ಟು ದೂರ ಹೋಗಬೇಕು?

ಇಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ನೂರು ಗಜ ಸಾಕೆಂದು ತಿಳಿಯುತ್ತೇವೆ. ಉತ್ತರ ಅಮೆರಿಕದ ಅಗ್ನಿಶಾಮಕ ಸಿಬ್ಬಂದಿ ಬಳಸುವ ಕೈಪಿಡಿಯ ಪ್ರಕಾರ, ಸ್ಫೋಟಕ ತುಂಬಿದ ಲಾರಿಯ ಸರಕಿಗೆ ಬೆಂಕಿ ತಗುಲಿದರೆ ಅಥವಾ ಅಡುಗೆ ಅನಿಲದ ಟ್ಯಾಂಕರು ಬೆಂಕಿಯ ನಡುವೆ ಸಿಕ್ಕಿದರೆ ಸುತ್ತ 1,600 ಮೀಟರ್ ಖಾಲಿ ಮಾಡಿಸಬೇಕು. ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು! ಸ್ಫೋಟಕದ ಸರಕಿಗೆ ಬೆಂಕಿ ಮುಟ್ಟಿದ ಮೇಲೆ ಅಗ್ನಿಶಾಮಕದವರೂ ನಂದಿಸಲು ಹೋಗಬಾರದು, ಹಿಂದೆ ಸರಿಯಬೇಕು ಎಂಬುದು ಆ ಕೈಪಿಡಿಯ ಮಾತು. ತರಬೇತಿ ಪಡೆದವರೇ ಹಿಂದೆ ಸರಿಯುವಲ್ಲಿ ಬಕೆಟ್ ನೀರು ಹಿಡಿದು ನಾವು ಮುಂದೆ ಹೋಗುವುದುಂಟೆ?

ಮೀಟರಿನ ಲೆಕ್ಕ ಹೊಳೆಯದಿದ್ದರೆ ಒಂದು ಸುಲಭ ಉಪಾಯವಿದೆ. ತೋಳನ್ನು ನೇರವಾಗಿ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಅಪಘಾತದ ಜಾಗವೆಲ್ಲ ಹೆಬ್ಬೆರಳಿನ ಹಿಂದೆ ಮರೆಯಾಗಬೇಕು. ಆಗದಿದ್ದರೆ ನೀವಿನ್ನೂ ಹತ್ತಿರದಲ್ಲಿದ್ದೀರಿ ಎಂದರ್ಥ.

ದೂರದಷ್ಟೇ ಮುಖ್ಯ ದಿಕ್ಕು. ಗಾಳಿ ನಿಮ್ಮ ಕಡೆಯಿಂದ ಅಪಘಾತದ ಕಡೆಗೆ ಬೀಸುತ್ತಿರಬೇಕು. ಧೂಳು, ಹೊಗೆ, ಮರದ ಎಲೆ, ಒಣಹಾಕಿದ ಸೀರೆ, ಯಾವುದನ್ನು ನೋಡಿದರೂ ಗಾಳಿಯ ದಿಕ್ಕು ತಿಳಿಯುತ್ತದೆ. ಹೊಗೆ ನಿಮ್ಮತ್ತಲೇ ಬರುತ್ತಿದ್ದರೆ ಅದರ ಮುಂದೆ ಓಡಬೇಡಿ, ಅಡ್ಡಕ್ಕೆ ಸರಿಯಿರಿ. ಅಡುಗೆ ಅನಿಲವೂ ಕ್ಲೋರಿನ್ನೂ ಗಾಳಿಗಿಂತ ಭಾರ. ನೀರು ಹರಿದಂತೆ ಅವು ಚರಂಡಿ, ಹಳ್ಳ, ನೆಲಮಾಳಿಗೆಗಳಿಗೆ ಇಳಿಯುತ್ತವೆ. ಆದ್ದರಿಂದ ಎತ್ತರದ ಕಡೆಗೆ ಹೋಗಿ. ಮೋರಿಯ ಕೆಳಗೆ ಅಡಗಬೇಡಿ.

ಅನಿಲದ ಟ್ಯಾಂಕರು ಮಗುಚಿದರೆ

ಒಂದು ದೊಡ್ಡ ಟ್ಯಾಂಕರಿನಲ್ಲಿ ಸುಮಾರು 17 ಟನ್ ಅನಿಲ ಇರುತ್ತದೆ. ನಿಮ್ಮ ಮನೆಯ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಅಂದರೆ ಸುಮಾರು 1,200 ಸಿಲಿಂಡರುಗಳು ಒಂದೇ ಕಡೆ ಕೂತಿವೆ ಎಂದು ತಿಳಿಯಿರಿ. ಒಳಗೆ ಒತ್ತಡದಲ್ಲಿ ದ್ರವವಾಗಿರುವ ಅದು ಹೊರಬಂದಾಗ ಒಂದು ಲೀಟರು ಸುಮಾರು 250 ಲೀಟರ್ ಅನಿಲವಾಗಿ ಹಬ್ಬುತ್ತದೆ. ನೆಲದ ಮೇಲೆ ಬಿಳಿ ಮಂಜಿನಂತೆ ಕಾಣುತ್ತದೆ. ಮಂಜು ಕಂಡಷ್ಟೇ ದೂರ ಅನಿಲವಿದೆ ಎಂದು ನಂಬಬೇಡಿ. ಅದರಾಚೆಗೂ ಕಣ್ಣಿಗೆ ಕಾಣದ ಅನಿಲ ಇರಬಹುದು.

ಆಗ ಬೇಕಾದದ್ದು ಒಂದೇ ಒಂದು ಕಿಡಿ. ಬೀಡಿ, ಒಲೆ, ಸ್ವಿಚ್ಚು, ವಾಹನದ ಸ್ಟಾರ್ಟರು, ಯಾವುದಾದರೂ ಆದೀತು. ಹೆದ್ದಾರಿಯಲ್ಲಿ ನಿಮ್ಮ ಕಾರು ಅನಿಲದ ಸಮೀಪ ಸಿಕ್ಕಿಕೊಂಡಿದ್ದರೆ ಅದನ್ನು ತಿರುಗಿಸಲು ಹೆಣಗಬೇಡಿ. ಎಂಜಿನ್ ಆರಿಸಿ, ಮಕ್ಕಳನ್ನು ಎತ್ತಿಕೊಂಡು, ಗಾಳಿಗೆ ಎದುರಾಗಿ ಕಾಲ್ನಡಿಗೆಯಲ್ಲಿ ಹೊರಡಿ. ನಿಂತ ಎಂಜಿನನ್ನು ಮತ್ತೆ ಚಾಲೂ ಮಾಡಬೇಡಿ. ಸಾಮಾನಿಗಾಗಿ ಹಿಂತಿರುಗಬೇಡಿ. ಫೋನು ಮಾಡುವುದು ದೂರ ಹೋದ ಮೇಲೆ.

ಮನೆ ರಸ್ತೆಬದಿಯಲ್ಲಿದ್ದರೆ, ವಾಸನೆ ಬರುವ ಮುನ್ನವೇ ಸುದ್ದಿ ತಲುಪಿದರೆ, ಒಲೆ, ದೇವರ ದೀಪ, ಬಚ್ಚಲ ಒಲೆ ಎಲ್ಲವನ್ನೂ ಆರಿಸಿ ಹೊರಡಿ. ವಾಸನೆ ಮನೆಯೊಳಗೆ ಬಂದಾಗಿದ್ದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹಾಗೆಯೇ ಹೊರನಡೆಯಿರಿ.

ಬೆಂಕಿಯ ನಡುವೆ ಇರುವ ಟ್ಯಾಂಕು ಒಲೆಯ ಮೇಲಿಟ್ಟ ಮುಚ್ಚಿದ ಪಾತ್ರೆಯಂತೆ. ಒಳಗಿನ ದ್ರವ ಕುದಿಯುತ್ತದೆ, ದ್ರವವಿಲ್ಲದ ಮೇಲ್ಭಾಗದ ಲೋಹ ಕಾದು ಮೆತ್ತಗಾಗುತ್ತದೆ, ಕೊನೆಗೆ ಇಡೀ ಟ್ಯಾಂಕು ಹರಿದು ಸಿಡಿಯುತ್ತದೆ. ಸುರಕ್ಷತಾ ವಾಲ್ವಿನ ಸದ್ದು ಏರುತ್ತಾ ಹೋದರೆ ಅದು ಕೊನೆಯ ಎಚ್ಚರಿಕೆ.

ಪೆಟ್ರೋಲ್ ಟ್ಯಾಂಕರಿನ ಬಗ್ಗೆ ಒಂದೇ ಮಾತು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರದ ಬಳಿ ಟ್ಯಾಂಕರು ಮಗುಚಿದಾಗ ಜನ ಕೊಡ, ಡಬ್ಬ ಹಿಡಿದು ಇಂಧನ ತುಂಬಿಕೊಳ್ಳಲು ಮುಗಿಬಿದ್ದರು. ಬೆಂಕಿ ಹತ್ತಿ 200ಕ್ಕೂ ಹೆಚ್ಚು ಜನ ಸತ್ತರು. ಒಂದು ಕೊಡ ಪೆಟ್ರೋಲಿನ ಬೆಲೆ ಎಷ್ಟು, ಮನೆಯ ಯಜಮಾನನ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿ.

ಕಿಟಕಿಯ ಬಳಿ ನಿಲ್ಲಬೇಡಿ

ಸ್ಫೋಟಕಗಳ ಇತಿಹಾಸದಲ್ಲಿ ವೈದ್ಯರು ಮರೆಯದ ಊರು ಕೆನಡಾದ ಹ್ಯಾಲಿಫ್ಯಾಕ್ಸ್. 1917ರ ಡಿಸೆಂಬರ್ 6ರ ಬೆಳಿಗ್ಗೆ ಅಲ್ಲಿನ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಮೊಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ಅದರಲ್ಲಿ ಏನಿದೆ ಎಂಬುದು ಊರಿನವರಿಗೆ ತಿಳಿದಿರಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಜನ ದಡದಲ್ಲಿ, ಮನೆಯ ಕಿಟಕಿಗಳಲ್ಲಿ ನಿಂತು ಆ ಬೆಂಕಿಯನ್ನು ನೋಡಿದರು. ಬಳಿಕ ಹಡಗು ಸಿಡಿಯಿತು. 1,700ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಯ ಗಾಜು ನುಗ್ಗಿ ಕಣ್ಣಿಗೆ ಪೆಟ್ಟು ಬಿದ್ದವರು ಸಾವಿರಾರು. ಸಂಗತಿ ಗೊತ್ತಾದ ವಿನ್ಸ್ ಕೋಲ್ಮನ್ ಎಂಬ ರೈಲ್ವೆ ನೌಕರ, ಬರುತ್ತಿದ್ದ ರೈಲುಗಳನ್ನು ತಡೆಯಲು ತಂತಿ ಕಳುಹಿಸಿ, ತಾನು ಸ್ಫೋಟದಲ್ಲಿ ಸತ್ತ.

ನೂರಮೂರು ವರ್ಷಗಳ ನಂತರ, 2020ರ ಆಗಸ್ಟ್ 4ರಂದು, ಲೆಬನಾನಿನ ಬೈರೂತ್ ಬಂದರಿನ ಗೋದಾಮಿನಲ್ಲಿ ಬೆಂಕಿ ಕಂಡಾಗಲೂ ಜನ ಕಿಟಕಿ, ಬಾಲ್ಕನಿಗಳಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅಲ್ಲಿ ಸಿಡಿದದ್ದು ಹಡಗಿನಿಂದ ಇಳಿಸಿ ವರ್ಷಗಳಿಂದ ಇಟ್ಟಿದ್ದ 2,750 ಟನ್ ಅಮೋನಿಯಂ ನೈಟ್ರೇಟ್. 200ಕ್ಕೂ ಹೆಚ್ಚು ಸಾವು, ಮತ್ತೆ ಕಣ್ಣುಗಳಲ್ಲಿ ಗಾಜು. ಕಾಲ ಬದಲಾದರೂ ಮನುಷ್ಯನ ಕುತೂಹಲ ಬದಲಾಗಿಲ್ಲ.

ದೂರದಲ್ಲಿ ದೊಡ್ಡ ಬೆಂಕಿ ಅಥವಾ ವಿಚಿತ್ರ ಬಣ್ಣದ ಹೊಗೆ ಕಂಡರೆ ಕಿಟಕಿಯಿಂದ ಸರಿಯಿರಿ. ಹೊರಗೋಡಲು ಸಮಯವಿಲ್ಲದಿದ್ದರೆ ಗಾಜಿಲ್ಲದ ಒಳಕೋಣೆಯಲ್ಲಿ ಗೋಡೆಯ ಮರೆಯಲ್ಲಿ ಕುಳಿತುಕೊಳ್ಳಿ. ಬಯಲಿನಲ್ಲಿದ್ದರೆ ಬೋರಲಾಗಿ ಮಲಗಿ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ. ಮೊದಲ ಸದ್ದು ಮುಗಿಯಿತೆಂದು ನೋಡಲು ಹೋಗಬೇಡಿ, ಎರಡನೆಯದು ಉಳಿದಿರಬಹುದು. ಲಾರಿಯಿಂದ ಚೆಲ್ಲಿದ ಅಥವಾ ಕ್ವಾರಿಯ ಬಳಿ ಬಿದ್ದಿರುವ ಕಡ್ಡಿ, ವೈರು ಅಂಟಿದ ಸಣ್ಣ ಲೋಹದ ಕೊಳವೆ ಇವನ್ನು ಮಕ್ಕಳು ಮುಟ್ಟದಂತೆ ಹೇಳಿಕೊಡಿ. ಆಟದ ಸಾಮಾನೆಂದು ಎತ್ತಿಕೊಂಡರೆ ಬೆರಳುಗಳು ಉಳಿಯುವುದಿಲ್ಲ.

ಚಿಕಿತ್ಸೆ: ಮೊದಲು ನೀವು ಮಾಡಬೇಕಾದದ್ದು

ಗಾಯಾಳು ಅಪಾಯದ ವಲಯದಿಂದ ಹೊರಬಂದ ಮೇಲಷ್ಟೇ ಪ್ರಥಮ ಚಿಕಿತ್ಸೆ. ಒಳಗೆ ಬಿದ್ದವನನ್ನು ತರಲು ಮುಖಕ್ಕೆ ಟವೆಲ್ ಕಟ್ಟಿಕೊಂಡು ಹೋಗುವುದು ಧೈರ್ಯವೇ ಸರಿ. ಆದರೆ ಒಬ್ಬನ ಬದಲು ಇಬ್ಬರು ಬೀಳುವುದೇ ಇದರಿಂದ ಹೆಚ್ಚಾಗಿ ಆಗುತ್ತದೆ.

ಬೆಂಕಿಯ ಸುಟ್ಟಗಾಯ: ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು. ಬೆಂಕಿ ಆರಿದ ಮೇಲೆ ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ. ಐಸ್ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ಊತ ಬರುವ ಮುನ್ನ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಒಗೆದ ಪಂಚೆಯನ್ನು ಸಡಿಲವಾಗಿ ಹೊದಿಸಿ ಕರೆತನ್ನಿ. ಶಾಯಿ, ಹಲ್ಲುಪೇಸ್ಟು, ಅರಿಸಿನ, ಕಾಫಿಪುಡಿ, ಸಗಣಿ ಯಾವುದನ್ನೂ ಹಚ್ಚಬೇಡಿ. ಮೂಗಿನ ಹೊಳ್ಳೆಯಲ್ಲಿ ಮಸಿ, ಸುಟ್ಟ ಮೀಸೆ, ಗೊಗ್ಗರು ದನಿ ಇದ್ದವರು ಮಾತಾಡುತ್ತಿದ್ದರೂ ನಿರ್ಲಕ್ಷಿಸಬೇಡಿ. ಅವರ ಗಂಟಲು ಒಳಗಿನಿಂದ ಊದಿಕೊಂಡು ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟಬಹುದು. ದೊಡ್ಡ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು.

ಮೈಮೇಲೆ ರಾಸಾಯನಿಕ: ಬಟ್ಟೆ, ಚಪ್ಪಲಿ ಎಲ್ಲವನ್ನೂ ಕಳಚಿ. ಇಲ್ಲಿ ನಾಚಿಕೆ ಬೇಡ. ಧಾರಾಳ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಸುಣ್ಣದಂಥ ಒಣ ಪುಡಿಯಾಗಿದ್ದರೆ ಮೊದಲು ಬಟ್ಟೆಯಿಂದ ಕೊಡವಿ, ನಂತರ ತೊಳೆಯಿರಿ. ಆಮ್ಲಕ್ಕೆ ಸೋಡ, ಕ್ಷಾರಕ್ಕೆ ಹುಳಿ ಎಂದು ಪ್ರಯೋಗ ಮಾಡಬೇಡಿ. ನೀರು ಮೈಮೇಲೆ ಸುರಿಯಲಷ್ಟೇ. ಸೋರುವ ಟ್ಯಾಂಕಿನ ಮೇಲೆ ನೀವಾಗಿ ನೀರು ಸುರಿಯಬೇಡಿ. ಗಂಧಕಾಮ್ಲಕ್ಕೆ ನೀರು ಬಿದ್ದರೆ ಅದು ಕಾದು ಸಿಡಿಯುತ್ತದೆ.

ಕಣ್ಣು: ರಾಸಾಯನಿಕ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು 20 ನಿಮಿಷ ನೀರು ಬಿಡಿ. ಗಾಜು ಚುಚ್ಚಿಕೊಂಡಿದ್ದರೆ ತೊಳೆಯಬೇಡಿ, ಉಜ್ಜಬೇಡಿ, ಕೀಳಬೇಡಿ. ಕಾಗದದ ಲೋಟವೊಂದನ್ನು ಕಣ್ಣಿಗೆ ಒತ್ತದಂತೆ ಮುಚ್ಚಿ ಕರೆತನ್ನಿ.

ವಿಷಾನಿಲ: ಗಾಯಾಳುವನ್ನು ಶುದ್ಧ ಗಾಳಿಯಲ್ಲಿ ಒರಗಿಸಿ ಕೂರಿಸಿ, ನಡೆಸಬೇಡಿ. ಕ್ಲೋರಿನ್ ಕುಡಿದ ಕೆಲವರು ಮೊದಲು ಕೆಮ್ಮಿ ಸುಧಾರಿಸಿಕೊಂಡಂತೆ ಕಂಡು, ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಕಷ್ಟಕ್ಕೆ ಸಿಲುಕುತ್ತಾರೆ. "ಈಗ ಪರವಾಗಿಲ್ಲ ಡಾಕ್ಟ್ರೇ" ಎಂದರೂ ನಾವು ಒಂದು ದಿನ ಇರಿಸಿಕೊಳ್ಳುವುದು ಇದಕ್ಕಾಗಿ.

ಸ್ಫೋಟದ ಪೆಟ್ಟು: ಒತ್ತಡದ ಅಲೆ ದೇಹವನ್ನು ಹಾಯ್ದುಹೋಗುವಾಗ ಗಾಳಿ ತುಂಬಿದ ಅಂಗಗಳಾದ ಕಿವಿ, ಶ್ವಾಸಕೋಶ, ಕರುಳುಗಳಿಗೆ ಪೆಟ್ಟಾಗುತ್ತದೆ. ಮೈಮೇಲೆ ಒಂದು ಗೀರೂ ಇಲ್ಲದಿರಬಹುದು. ಕಿವಿ ಗುಂಯ್‌ಗುಡುವುದು, ಕೇಳಿಸದಿರುವುದು, ಎದೆನೋವು, ಏದುಸಿರು, ಹೊಟ್ಟೆನೋವು ಯಾವುದಿದ್ದರೂ ಆಸ್ಪತ್ರೆಗೆ ಬನ್ನಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಚುಚ್ಚಿಕೊಂಡ ಚೂರನ್ನು ಕೀಳದೆ ಅದರ ಸುತ್ತ ಒತ್ತಿ.

ಆಸ್ಪತ್ರೆಯಲ್ಲಿ ನಾವು ಹೊರಗೇ ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸಿದರೆ ಬೇಸರಪಟ್ಟುಕೊಳ್ಳಬೇಡಿ. ಸಾವಿನ ಮನೆಗೆ ಹೋಗಿ ಬಂದವರು ಹೊರಗೆ ನೀರು ಹಾಕಿಕೊಂಡೇ ಒಳಗೆ ಬರುವ ಪದ್ಧತಿ ನಮ್ಮಲ್ಲಿ ಉಂಟಲ್ಲವೇ? ಇದೂ ಹಾಗೆಯೇ. ಒಬ್ಬನ ಬಟ್ಟೆಯಲ್ಲಿರುವ ವಿಷ ಇಡೀ ವಾರ್ಡಿಗೆ ಹರಡಬಾರದು.

ಫೋನಿನಲ್ಲಿ ಏನು ಹೇಳಬೇಕು?

ಕರೆ ಮಾಡಬೇಕಾದ ಸಂಖ್ಯೆ 112. ಆಂಬುಲೆನ್ಸಿಗೆ 108, ಅಡುಗೆ ಅನಿಲದ ಸೋರಿಕೆಗೆ 1906 ಕೂಡ ಇವೆ. ಗಾಬರಿಯಲ್ಲಿ "ಬೇಗ ಬನ್ನಿ" ಎಂದು ಕೂಗಿ ಫೋನ್ ಇಟ್ಟುಬಿಡಬೇಡಿ. ಈ ಐದನ್ನು ತಿಳಿಸಿ. ಜಾಗ ಯಾವುದು, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಊರು ಯಾವುದು. ಲಾರಿಯೋ ಟ್ಯಾಂಕರೋ. ಫಲಕದಲ್ಲಿ ಕಂಡ ಚಿತ್ರ ಮತ್ತು ಸಂಖ್ಯೆ. ಸೋರಿಕೆಯೋ ಬೆಂಕಿಯೋ, ಗಾಳಿ ಯಾವ ಕಡೆಗೆ. ಗಾಯಗೊಂಡವರು ಎಷ್ಟು ಜನ. ಇಷ್ಟು ತಿಳಿದರೆ ಅಗ್ನಿಶಾಮಕದವರು ನೀರು ತರಬೇಕೋ ನೊರೆ ತರಬೇಕೋ ನಿರ್ಧರಿಸುತ್ತಾರೆ, ಆಸ್ಪತ್ರೆಯಲ್ಲಿ ನಾವು ಸಿದ್ಧರಾಗಿರುತ್ತೇವೆ.

ಬಳಿಕ ನಿಮ್ಮ ಕಡೆಯಿಂದ ಬರುವ ವಾಹನಗಳನ್ನು ದೂರದಲ್ಲೇ ತಡೆದು ಹಿಂದಕ್ಕೆ ಕಳುಹಿಸಿ. ಹಳ್ಳಿಯಾದರೆ ದೇವಸ್ಥಾನ, ಮಸೀದಿ, ಚರ್ಚಿನ ಮೈಕಿನಲ್ಲಿ ಹೇಳಿಸಬಹುದು. ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಓದುಗರ ಎರಡು ಸಂದೇಹಗಳು

"ಒಬ್ಬ ಮನುಷ್ಯ ಸಾಯುತ್ತಿರುವಾಗ ದೂರ ನಿಲ್ಲುವುದು ಅಮಾನವೀಯವಲ್ಲವೇ?" ಸಾಮಾನ್ಯ ರಸ್ತೆ ಅಪಘಾತದಲ್ಲಿ ಖಂಡಿತ ಓಡಿ ಹೋಗಿ, ಸಹಾಯ ಮಾಡಿ. ಆದರೆ ಓಡುವ ಮುನ್ನ ಐದು ಎಣಿಸುವಷ್ಟು ಹೊತ್ತು ನಿಂತು ನೋಡಿ. ಫಲಕವಿದೆಯೇ, ಸೋರುತ್ತಿದೆಯೇ, ಮಂಜಿನಂತೆ ಹಬ್ಬುತ್ತಿದೆಯೇ, ವಾಸನೆ ಇದೆಯೇ? ಇದ್ದರೆ ನಿಮ್ಮ ಫೋನೇ ಅವನಿಗೆ ನೀವು ಮಾಡಬಹುದಾದ ಉಪಕಾರ.

"ಕ್ಲೋರಿನ್ ಅಥವಾ ಅಮೋನಿಯಾ ಸೋರಿ, ಹೊರಗೋಡಲು ಆಗದಿದ್ದರೆ?" ಮನೆಯೊಳಗೇ ಇರಿ. ಕಿಟಕಿ ಬಾಗಿಲು ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ, ಎ.ಸಿ. ಮತ್ತು ಹೊಗೆ ಹೊರಹಾಕುವ ಫ್ಯಾನು ನಿಲ್ಲಿಸಿ. ಕ್ಲೋರಿನ್ ಆದರೆ ಮಹಡಿಗೆ ಹೋಗಿ. ಮೂಗು ಬಾಯಿಗೆ ಒದ್ದೆ ಬಟ್ಟೆ ಹಿಡಿದುಕೊಳ್ಳಿ. ಅದು ಪೂರ್ಣ ರಕ್ಷಣೆಯಲ್ಲ, ಸ್ವಲ್ಪ ಹೊತ್ತಿನ ಆಸರೆ ಅಷ್ಟೆ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ನಾಲ್ಕು ಮಾತು ಕಲಿಸಿ: ನಿಲ್ಲು, ನೋಡು, ದೂರ ಹೋಗು, ತಿಳಿಸು. ಮುಂದಿನ ಸಲ ಬಸ್ಸಿನಲ್ಲಿ ಹೋಗುವಾಗ ಮುಂದಿನ ಟ್ಯಾಂಕರಿನ ಫಲಕ ತೋರಿಸಿ, ಅಂಕಿಗಳನ್ನು ಓದಿಸಿ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕುವುದಕ್ಕಿಂತ ಇದು ಮೇಲು. ನಮ್ಮೂರ ಮೇಷ್ಟ್ರು ತಂದ ಆ ಚೀಟಿ ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಅಪಘಾತದ ಹತ್ತಿರಕ್ಕೂ ಹೋಗದೆ ಅಂದು ನನಗೆ ಎಲ್ಲರಿಗಿಂತ ಹೆಚ್ಚು ನೆರವಾದವರು ಅವರೇ.